ಎರಡು ನೂರು ರೂಪಾಯಿಯ ಕಪ್ಪೆ

ಯಾವ ವಸ್ತುವನ್ನಾದರೂ ಸರಿ, ಕೈಯಲ್ಲಿ ಹಿಡಿದು ನೋಡಿದರೆ ಅದರ ಬೆಲೆ ನನಗೆ ತಿಳಿಯುತ್ತದೆ. ಹೀಗೆಂದು ನಾನು ನಲವತ್ನಾಲ್ಕು ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ನಾನು ಸೇಡಂನ ತೊಗರಿ ವ್ಯಾಪಾರಿಯ ಮಗಳು. ನಮ್ಮಪ್ಪ ಒಂದು ಹಿಡಿ ತೊಗರಿಯನ್ನು ಅಂಗೈಯಲ್ಲಿ ಹೊರಳಿಸಿ ಕಣ್ಣು ಮುಚ್ಚಿ ದರ ಹೇಳುತ್ತಿದ್ದರು. ಆ ರಕ್ತವೇ ನನ್ನಲ್ಲೂ ಹರಿಯುತ್ತಿದೆ ಎಂಬ ಹೆಮ್ಮೆಯಿಂದ, ಮದುವೆಯಾಗಿ ಶಹಾಬಾದಿಗೆ ಬಂದ ಮೇಲೆ ಬದನೆಕಾಯಿಯಿಂದ ಹಿಡಿದು ಬಾಗಿಲ ಪರದೆಯವರೆಗೆ ಮನೆಯ ಸಮಸ್ತ ವಸ್ತುಗಳ ದರ ನಿಗದಿ ಮಾಡುವ ಅಧಿಕಾರವನ್ನು ನಾನೇ ವಹಿಸಿಕೊಂಡಿದ್ದೆ. ಯಾರೂ ಕೊಟ್ಟಿರಲಿಲ್ಲ, ಯಾರೂ ಬೇಡವೆಂದೂ ಅಂದಿರಲಿಲ್ಲ!

ಒಂದು ಬುಧವಾರ ಅಟ್ಟ ಸ್ವಚ್ಛ ಮಾಡುತ್ತಿದ್ದೆ. ಹಳೆಯ ಕೊಡಗಳ ಹಿಂದೆ ಒಂದು ಕೆಂಪು ರಟ್ಟಿನ ಡಬ್ಬಿ ಸಿಕ್ಕಿತು. ಮೇಲೆ ಕೊಡೆ ಹಿಡಿದು ಓಡುವ ಕಪ್ಪೆಯ ಚಿತ್ರ, ಸುತ್ತ ಜಪಾನಿ ಅಕ್ಷರಗಳು. ಒಳಗೊಂದು ಪ್ಲಾಸ್ಟಿಕ್ ಕ್ಯಾಸೆಟ್, ಒಂದು ಪುಟ್ಟ ಪುಸ್ತಕ. ಹಿಂದೆಲ್ಲ ಟಿವಿಗೆ ಯಂತ್ರ ಜೋಡಿಸಿ ವಿಡಿಯೋ ಗೇಮ್ ಆಡುತ್ತಿದ್ದರಲ್ಲ, ಅದರ ಕ್ಯಾಸೆಟ್. ನಮ್ಮ ಮನೆಯವರು ಹುಡುಗರಾಗಿದ್ದಾಗಿನದು. ಯಂತ್ರ ಸುಟ್ಟುಹೋಗಿ ಯುಗವೇ ಕಳೆದಿತ್ತು.

ನಮ್ಮ ಪಕ್ಕದ ಮನೆಯ ನೂರಾಪಾ ಹಳೆಯ ಸಾಮಾನನ್ನು ಫೋನಿನಲ್ಲಿ ಮಾರುವುದರಲ್ಲಿ ನಿಪುಣೆ. ಕರೆದೆ.

"ಎಷ್ಟ ಹಾಕ್ಲಿ?" ಎಂದರು.

ನಾನು ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿದೆ. ಕಣ್ಣು ಮುಚ್ಚಿದೆ. "ಎರಡು ನೂರು ಹಾಕ್ರಿ ಆಪಾ. ಮಂದಿ ಚೌಕಾಸಿ ಮಾಡಿ ನೂರಕ್ಕ ಕೇಳ್ತಾರ. ನಾವು ನೂರಾ ಐವತ್ತಕ್ಕ ಬಿಡೋಣ."

ಇಂಥ ದೂರದೃಷ್ಟಿ ಎಲ್ಲರಿಗೂ ಇರುವುದಿಲ್ಲ!

ಐದು ನಿಮಿಷದಲ್ಲಿ ಫೋನ್ ಬಂತು. ಆಮೇಲೆ ಇನ್ನೊಂದು. ಆಮೇಲೆ ಎಣಿಸುವುದನ್ನು ಬಿಟ್ಟೆ. ಒಬ್ಬ ಹಿಂದಿಯಲ್ಲಿ "ಸ್ಕ್ರೂ ಬಿಚ್ಚಿದ್ದಾರೆಯೇ?" ಎಂದು ಕೇಳಿದ. ಇನ್ನೊಬ್ಬ ಇಂಗ್ಲಿಷಿನಲ್ಲಿ "ಡಬ್ಬಿಯನ್ನು ಬಿಸಿಲಿಗೆ ಇಡಬೇಡಿ" ಎಂದು ಅಂಗಲಾಚಿದ. ನನಗೆ ಹೆದರಿಕೆಯಾಯಿತು. ಇದು ಆನ್‌ಲೈನ್ ಮೋಸದವರ ಜಾಲವೇ ಇರಬೇಕು. ಅದಕ್ಕೇ ಮೊದಲು ಫೋನ್ ಮಾಡಿದ್ದ, ಕನ್ನಡ ಮಾತನಾಡುವ ಒಬ್ಬನಿಗೇ ಕೊಡುವುದೆಂದು ತೀರ್ಮಾನಿಸಿದೆ. ಅವನು ಚಿಂಚೋಳಿ ಪಕ್ಕದ ಚಂದಾಪುರದವನು, ಹೆಸರು ರೇವಣಸಿದ್ದಪ್ಪ. ಅಲ್ಲಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಅಂತೆ. ಮಧ್ಯಾಹ್ನ ಮೂರಕ್ಕೆಲ್ಲ ಬೈಕಿನಲ್ಲಿ ಬಂದೇಬಿಟ್ಟ. ಡಬ್ಬಿ ನೋಡಿದ. ಎರಡು ನೂರರ ನೋಟು ಕೊಟ್ಟ. ಚೌಕಾಸಿ ಮಾಡಲಿಲ್ಲ. ಚಹಾ ಕುಡಿಯಲಿಲ್ಲ. ಹಿಂತಿರುಗಿಯೂ ನೋಡದೆ ಬೈಕು ಓಡಿಸಿಕೊಂಡು ಹೋದ.

ಆಗ ನನಗೆ ಹೊಳೆಯಿತು. ಅಷ್ಟು ದೂರದಿಂದ ಬಂದು, ಚೌಕಾಸಿ ಇಲ್ಲದೆ ದುಡ್ಡು ಕೊಟ್ಟವನು ಓಡಿದನೆಂದರೆ ಮಾರಿದವರ ಕಥೆ ಮುಗಿಯಿತೆಂದೇ ಅರ್ಥ. ಇಷ್ಟು ವಿದ್ಯೆ ತೊಗರಿ ವ್ಯಾಪಾರಿಯ ಮಗಳಿಗೆ ಗೊತ್ತು. ತಡವಾಗಿ ಗೊತ್ತಾಯಿತು, ಅಷ್ಟೇ.

"ಆಪಾ, ಜರಾ ಅದರ ರೇಟು ನೋಡ್ರಿ" ಎಂದೆ.

ನೂರಾಪಾ ಫೋನಿನಲ್ಲಿ ಹುಡುಕಿದರು. "ಯಾ ಅಲ್ಲಾ! ಸುವರ್ಣಾ, ಕುಂದ್ರು. ಮೊದಲ ಕುಂದ್ರು."

ಅದೇ ಕೆಂಪು ಡಬ್ಬಿ. ಅದೇ ಕಪ್ಪೆ. ಕೆಳಗೆ ಬೆಲೆ: ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ!

ಭಂಗಾರ, ಅಂದರೆ ಗುಜರಿ ಎಂದು ನಾನು ಮಾರಿದ್ದು ಬಂಗಾರವಾಗಿತ್ತು.

ಆ ಸಂಜೆ ಹೊಲಿಗೆ ಯಂತ್ರದ ಮುಂದೆ ಕುಳಿತರೆ ಕೈ ಓಡಲಿಲ್ಲ. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಅಂದು ಯಾರದೋ ಬ್ಲೌಸಿನ ಎರಡೂ ತೋಳುಗಳನ್ನು ಒಂದೇ ಬದಿಗೆ ಹೊಲಿದಿಟ್ಟೆ. ನನಗೆ ಹಣದ ಚಿಂತೆಗಿಂತ ನಮ್ಮ ಮನೆಯವರ ಭಯವೇ ಹೆಚ್ಚು. ಅವರು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಬೈಯುವವರಲ್ಲ, ಕೂಗಾಡುವವರಲ್ಲ. ಸಿಟ್ಟು ಬಂದರೆ ಸುಮ್ಮನಾಗಿಬಿಡುತ್ತಾರೆ. ಹಿಂದೊಮ್ಮೆ ಅವರ ಹಳೆಯ ರೇಡಿಯೋವನ್ನು ಸ್ಟೀಲ್ ಪಾತ್ರೆಯವನಿಗೆ ಹಾಕಿದ್ದಕ್ಕೆ ಹದಿನೇಳು ದಿನ ನನ್ನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಹದಿನೇಳು ದಿನ ನಾನು ಗೋಡೆಗೆ "ಊಟಕ್ಕ ಬರ್ರಿ" ಅಂದಿದ್ದೇನೆ!

ಅಂದು ಊಟಕ್ಕೆ ಕುಳಿತವರು ರೊಟ್ಟಿ ಮುರಿಯುತ್ತ ಹೇಳಿದರು: "ಅಟ್ಟದ ಮ್ಯಾಲ ಒಂದು ಕೆಂಪು ಡಬ್ಬಿ ಅದ. ತೆಗೆದು ಒರಿಸಿ ಇಡು. ರವಿವಾರ ಮಲ್ಲಣ್ಣ ಬರ್ಲಿಕತ್ತಾನ."

ನನ್ನ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. "ಅವರು ಯಾಕರಿ?"

"ಅದು ನಮ್ಮಿಬ್ಬರದು. ಸಣ್ಣವರಿದ್ದಾಗ ಇಬ್ಬರೂ ಕೂಡಿ ತಗೊಂಡಿದ್ವಿ. ಅಂವಗ ನೋಡಬೇಕಂತ."

ಮಲ್ಲಣ್ಣ ದಂಡೋತಿಯವರು, ಇವರ ಬಾಲ್ಯದ ಗೆಳೆಯ. ಅಂದರೆ ನಾನು ಮಾರಿದ್ದು ಬರೀ ಗಂಡನ ಆಸ್ತಿಯನ್ನಲ್ಲ, ಪಾಲುದಾರರಿರುವ ಜಂಟಿ ಆಸ್ತಿಯನ್ನು! ನನ್ನ ಕಣ್ಣ ಮುಂದೆ ಪೊಲೀಸ್ ಠಾಣೆ, ಕೋರ್ಟಿನ ಕಟಕಟೆ, ಸಾಕ್ಷಿ ಹೇಳುತ್ತಿರುವ ನೂರಾಪಾ, ಎಲ್ಲರೂ ಸಾಲಾಗಿ ಬಂದು ಹೋದರು.

ಮರುದಿನ ಕಂಪೌಂಡರನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಇಪ್ಪತ್ತು ಸಲ ಮಾಡಿದೆ. ಇಪ್ಪತ್ತು ಸಲವೂ ಸ್ವಿಚ್ ಆಫ್. ಆ ಡಬ್ಬಿ ಇಷ್ಟೊತ್ತಿಗೆ ವಿಮಾನದಲ್ಲಿ ಜಪಾನಿಗೆ ವಾಪಸು ಹೋಗುತ್ತಿರಬೇಕು ಎಂದುಕೊಂಡೆ.

ಶುಕ್ರವಾರ "ಅಪ್ಪನ ಮೊಣಕಾಲು ನೋಯ್ಲಿಕತ್ತಾವಂತ, ಸೇಡಂಗ ಹೋಗಿ ಬರ್ತೀನಿ" ಎಂದು ಸುಳ್ಳು ಹೇಳಿ, ಹೊಲಿಗೆ ಯಂತ್ರದ ಡ್ರಾದಲ್ಲಿ ಕೂಡಿಟ್ಟಿದ್ದ ಹಣವೆಲ್ಲ ತೆಗೆದುಕೊಂಡು, ನೂರಾಪಾರನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದೆ. ಚಿತ್ತಾಪುರ ದಾಟುವಾಗ ಪರ್ಸನ್ನು ಎದೆಗೆ ಒತ್ತಿಕೊಂಡಿದ್ದೆ. ಸೇಡಂ ನಿಲ್ದಾಣದಲ್ಲಿ ಬಸ್ಸು ನಿಂತಾಗ, ಅಪ್ಪ ನೋಡಿಬಿಟ್ಟಾರು ಎಂದು ಸೀಟಿನ ಕೆಳಗೆ ಬಗ್ಗಿ ಕುಳಿತೆ. ಅಪ್ಪನ ಮೊಣಕಾಲು ಗಟ್ಟಿಯಾಗಿಯೇ ಇವೆ, ದಿನಾ ನಿಲ್ದಾಣದವರೆಗೆ ವಾಕಿಂಗ್ ಬರುತ್ತಾರೆ!

ಚಂದಾಪುರದಲ್ಲಿ ದನದ ದವಾಖಾನೆ ಕೇಳಿಕೊಂಡು, ಅಲ್ಲಿಂದ ಕಂಪೌಂಡರನ ಮನೆ ಹುಡುಕಿದೆವು. ಅಂಗಳದಲ್ಲಿದ್ದ ಅವನು ನಮ್ಮನ್ನು ಕಂಡವನೇ ಒಳಗೆ ಓಡಿ ಬಾಗಿಲು ಹಾಕಿಕೊಂಡ. ಮನೆಯಲ್ಲಿದ್ದ ಹೆಂಡತಿ ಅವನನ್ನು ಹೊರಗೆ ದೂಡಿದಳು.

"ಅಕ್ಕೋರ, ಪೊಲೀಸ್ ಕಂಪ್ಲೇಂಟ್ ಗಿಂಪ್ಲೇಂಟ್ ಬ್ಯಾಡ್ರಿ" ಎಂದು ಅವನೇ ಕೈಮುಗಿದ. "ನೀವು ಎರಡು ನೂರು ಕೇಳಿದ್ರಿ, ನಾ ಕೊಟ್ಟೆ. ಆದ್ರ ಅವತ್ತಿನಿಂದ ಮನಸು ಕಚಕಚ ಅನ್ಲಿಕತ್ತದ. ಅಂಜಿ ಫೋನ್ ಬಂದ್ ಮಾಡಿ ಇಟ್ಟೀನಿ. ನಿಮ್ಮ ಡಬ್ಬಿ..."

ಅವನ ಮಾತು ಮುಗಿಯುವವರೆಗೆ ನಾನು ಕಾಯಬೇಕಿತ್ತು. ಕಾದಿದ್ದರೆ "ನಿಮ್ಮ ಡಬ್ಬಿ ನೀವು ಒಯ್ಯಿರಿ" ಎನ್ನುತ್ತಿದ್ದ. ಭಯ ಕಾಯಲು ಬಿಡಬೇಕಲ್ಲ!

"ಐದು ಸಾವಿರ ಕೊಡ್ತೀನಿ!" ಎಂದು ಕಿರುಚಿದೆ.

ಅಡಿಗೆ ಮನೆಯೊಳಗಿಂದ ಅವನ ಹೆಂಡತಿಯ ಧ್ವನಿ ಕೇಳಿಸಿತು: "ತಗೋರಿ!"

ರೇವಣಸಿದ್ದಪ್ಪ ನ್ಯಾಯವಂತ. ಹೆಂಡತಿಯ ಕಡೆ ನೋಡಿದ, ನನ್ನ ಕಡೆ ನೋಡಿದ, ಕೊನೆಗೆ ಜಮಖಾನೆ ಹಾಸಿ ಕೂರಿಸಿದ. "ಅಷ್ಟ ಬ್ಯಾಡ್ರಿ ಅಕ್ಕೋರ. ನ್ಯಾಯದ ರೇಟು ಎಷ್ಟದ ಅಷ್ಟ ಕೊಡ್ರಿ."

"ನ್ಯಾಯದ ರೇಟು ಅಂದ್ರ ಒಂದು ಲಕ್ಷ ಎಂಬತ್ತು ಸಾವಿರ ಅಲ್ಲೇನು?" ಎಂದೆ.

ಅವನು ನಕ್ಕ. "ಅದು ಕೇಳೋರ ರೇಟರಿ, ಕೊಟ್ಟೋರ ರೇಟ ಅಲ್ಲ. ಆ ಡಬ್ಬಿ ನಾಕು ವರ್ಷದಿಂದ ಅಲ್ಲೇ ಕುಂತದ, ಯಾರೂ ತಗೊಂಡಿಲ್ಲ. ನಾವು ಹಳೇ ಗೇಮ್ ಕೂಡಿಸೋರು ಖರೇ ಮಾರಾಟ ಆಗಿದ್ದು ಅಷ್ಟ ನೋಡ್ತೀವಿ." ಫೋನ್ ತೆರೆದು, ಹಿಂದೆ ಮಾರಾಟವಾದ ಅಂಥದೇ ಡಬ್ಬಿಗಳ ಪಟ್ಟಿ ತೋರಿಸಿದ. "ಇದರಾಗ ಎಲ್ಲಕ್ಕಿಂತ ಹೆಚ್ಚಿಂದು ಬಿಟ್ಟುಬಿಡ್ರಿ, ಯಾವನೋ ಹುಚ್ಚ ಹಟಕ್ಕ ಬಿದ್ದು ತಗೊಂಡಾನ. ಎಲ್ಲಕ್ಕಿಂತ ಕಮ್ಮೀದೂ ಬಿಟ್ಟುಬಿಡ್ರಿ. ಅದನ್ನ ಮಾರಿದವರು ಯಾರೋ..."

ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಆಮೇಲೆ ಡಬ್ಬಿ ತಂದು, ಎತ್ತಿನ ಹಲ್ಲು ನೋಡುವವನಂತೆ ಗಂಭೀರವಾಗಿ ಒಂದೊಂದೇ ತೋರಿಸಿದ. "ಡಬ್ಬಿ ಅದ. ಪುಸ್ತಕ ಅದ. ಸ್ಟಿಕರ್ ಹರಿದಿಲ್ಲ. ಸ್ಕ್ರೂ ಯಾರೂ ಮುಟ್ಟಿಲ್ಲ. ಮೂಲ್ಯಾಗ ಜರಾ ಎಣ್ಣಿ ಹತ್ಯಾದ. ನಡುವಿನ ನಾಕು ಮಾರಾಟ ಹಿಡದ್ರ ಎರಡೂವರಿ ಸಾವಿರ. ಇದು ನ್ಯಾಯ."

ಹಣ ಎಣಿಸಿ ಕೊಟ್ಟೆ. ಅವನು ಮುಟ್ಟುವ ಮೊದಲೇ ಅವನ ಹೆಂಡತಿ ಬಂದು ಅದನ್ನು ಸಕ್ಕರೆ ಡಬ್ಬಿಯಲ್ಲಿ ಹಾಕಿದಳು. ಇಲ್ಲಿಗೆ ಎದ್ದು ಬಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಹೊಸದೊಂದು ಭಯ ಹುಟ್ಟಿತು. ಇಷ್ಟು ಸುಲಭವಾಗಿ ಕೊಡುತ್ತಿದ್ದಾನೆ, ಒಳಗಿನ ಮಾಲು ಬದಲಿಸಿದ್ದರೆ?

"ಬಿಚ್ಚಿ ತೋರಸ್ರಿ" ಎಂದೆ.

"ಬ್ಯಾಡ ಅಕ್ಕೋರ, ಬಿಚ್ಚಿದ್ರ ರೇಟು ಇಳೀತದ."

"ನೋಡ್ರಿ ಆಪಾ, ಬ್ಯಾಡ ಅನ್ಲಿಕತ್ತಾನ!" ಎಂದೆ ನೂರಾಪಾಗೆ. ಅವರೂ ಅನುಮಾನದಿಂದ ತಲೆ ಅಲ್ಲಾಡಿಸಿದರು.

ಅವನು ನಿಟ್ಟುಸಿರು ಬಿಟ್ಟು ಬಿಚ್ಚಿದ. ಒಳಗೆ ಒಂದು ಹಸಿರು ಹಲಗೆ, ಅದರ ಮೇಲೆ ಕಪ್ಪು ಚೌಕ. ನನಗೆ ಅದರ ತಲೆಬುಡ ತಿಳಿಯದಿದ್ದರೂ, ತಜ್ಞಳಂತೆ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಬೆವರಿದ ಕೈ. ಜಾರಿತು. ಹಿಡಿಯಲು ಹೋದೆ. ನೆಲದ ಮೇಲೆ ಬಿದ್ದ ಹಲಗೆಯ ಮೇಲೆ ನನ್ನದೇ ಮೊಣಕಾಲು ಊರಿತು.

ಟಕ್!

ರೇವಣಸಿದ್ದಪ್ಪ ಹಲಗೆಯನ್ನು ಎತ್ತಿ ನೋಡಿದ. ಸತ್ತ ಕರುವಿನ ಮಾಲೀಕರಿಗೆ ಹೇಳುವ ಮೆಲುದನಿಯಲ್ಲಿ ಹೇಳಿದ: "ಇನ್ನ ಇದು ನಡಿಯಂಗಿಲ್ಲರಿ. ಈಗ ಬರೇ ಡಬ್ಬಿ, ಪುಸ್ತಕಕ್ಕ ಒಂಬೈನೂರು."

ಒಂದೇ ವಾರದಲ್ಲಿ ಒಂದೇ ವಸ್ತುವನ್ನು ಎರಡು ನೂರಕ್ಕೆ ಮಾರಿ, ಎರಡೂವರೆ ಸಾವಿರಕ್ಕೆ ಕೊಂಡು, ಒಂಬೈನೂರಕ್ಕೆ ಇಳಿಸಿದ ಸಾಧನೆ ನನ್ನದು!

ರವಿವಾರ ಬಂತು. ಮಲ್ಲಣ್ಣ ಬೆಳಿಗ್ಗೆಯೇ ಪೇಡಾ ಡಬ್ಬಿ ಹಿಡಿದುಕೊಂಡೇ ಬಂದರು. ಕಪ್ಪೆಯ ಡಬ್ಬಿಯನ್ನು ಒರೆಸಿ ಟೀಪಾಯಿ ಮೇಲಿಟ್ಟಿದ್ದೆ. ನಾನು ಅಡಿಗೆ ಮನೆಯ ಬಾಗಿಲಲ್ಲಿ ನಿಂತೆ. ಮನೆಯಲ್ಲಿ ಯಂತ್ರವಿಲ್ಲ, ಹಾಕಿ ನೋಡುವಂತಿಲ್ಲ. ಅದೊಂದೇ ಸಮಾಧಾನ.

ಇಬ್ಬರೂ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಲ್ಲಣ್ಣ ಇವರ ತೊಡೆ ತಟ್ಟಿದರು. "ದೋಸ್ತ, ಇದರ ರೇಟು ಗೊತ್ತದೇನು? ಒಂದು ಲಕ್ಷ ಎಂಬತ್ತು ಸಾವಿರ! ಫೋನಿನ್ಯಾಗ ನಾನಽ ನೋಡೀನಿ. ತೊಂಬತ್ತು ನಿಂದು, ತೊಂಬತ್ತು ನಂದು. ನಾ ಆಗಲೇ ಒಂದು ಸೆಕೆಂಡ್ ಹ್ಯಾಂಡ್ ಬೈಕಿಗೆ ಮಾತಾಡಿ ಬಂದೀನಿ."

ಇವರ ಕಣ್ಣು ಅಗಲವಾದವು. ನಾನು ಸುಮ್ಮನಿರಬೇಕಿತ್ತು. ಇಡೀ ಜಗತ್ತಿನಲ್ಲಿ ಆ ಕ್ಷಣ ಸುಮ್ಮನಿರಬೇಕಾದ ವ್ಯಕ್ತಿ ಯಾರಾದರೂ ಇದ್ದರೆ ಅದು ನಾನೊಬ್ಬಳೇ. ಆದರೆ ತಪ್ಪು ದರ ಕಿವಿಗೆ ಬಿದ್ದರೆ ತೊಗರಿ ವ್ಯಾಪಾರಿಯ ಮಗಳು ತಡೆದುಕೊಳ್ಳುವುದು ಹೇಗೆ?

"ಅದು ಕೇಳೋರ ರೇಟರಿ ಮಲ್ಲಣ್ಣ, ಕೊಟ್ಟೋರ ರೇಟ ಅಲ್ಲ" ಎಂದು ಬಾಗಿಲು ಬಿಟ್ಟು ಮುಂದೆ ಬಂದೆ. "ಖರೇ ಮಾರಾಟ ಆಗಿದ್ದು ನೋಡಬೇಕು. ಹೆಚ್ಚಿಂದು ಬಿಡಬೇಕು, ಕಮ್ಮೀದು ಬಿಡಬೇಕು. ಡಬ್ಬಿ, ಪುಸ್ತಕ, ಸ್ಟಿಕರ್ ನೋಡಬೇಕು. ಸ್ಕ್ರೂ ಬಿಚ್ಚಿದ್ರ ರೇಟು ಇಳೀತದ. ಎಲ್ಲಾ ನೆಟ್ಟಗಿದ್ರ ಎರಡೂವರಿ ಸಾವಿರ. ಹಲಗಿ ಮುರದಿದ್ರ ಒಂಬೈನೂರು."

ಮಲ್ಲಣ್ಣ ಬಾಯಿ ತೆರೆದುಕೊಂಡು ನೋಡಿದರು. "ವೈನಿ, ಇಷ್ಟೆಲ್ಲಾ ನಿಮಗ ಹ್ಯಾಂಗ ಗೊತ್ತು?"

ಇವರು ಕೇಳಿದ್ದು ಒಂದೇ ಪ್ರಶ್ನೆ, ಬಹಳ ಮೆಲ್ಲಗೆ: "ಹಲಗಿ ಯಾಕ ಮುರದಿತ್ತು, ಸುವರ್ಣಾ?"

ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಎರಡು ನೂರು, ನೂರಾಪಾ, ಅಪ್ಪನ ಮೊಣಕಾಲು, ನನ್ನ ಮೊಣಕಾಲು, ಎಲ್ಲ! ಹೇಳಿ ಮುಗಿಸಿ ಸೆರಗು ಬಾಯಿಗೆ ಒತ್ತಿಕೊಂಡೆ.

ಇವರು ಮಾತಾಡಲಿಲ್ಲ. ಹದಿನೇಳು ದಿನದ ಮೊದಲ ನಿಮಿಷ ಶುರುವಾಯಿತು ಎಂದುಕೊಂಡೆ. ಎದ್ದರು. ಬೈಕಿನ ಕೀಲಿ ತೆಗೆದುಕೊಂಡರು. "ಆ ಕಂಪೌಂಡರನ ಮನಿ ಎಲ್ಲಿ ಬರ್ತದ?" ಎಂದು ಮಾತ್ರ ಕೇಳಿದರು. ಹೇಳಿದೆ. ಇಬ್ಬರೂ ಬೈಕು ಹತ್ತಿ ಹೋದರು.

ಪಾಪದ ಮನುಷ್ಯನನ್ನು ಹೊಡೆಯಲು ಹೋದರು! ಅವನಿಗೆ ಫೋನ್ ಮಾಡಿದೆ. ಮತ್ತೆ ಸ್ವಿಚ್ ಆಫ್! ಮಧ್ಯಾಹ್ನವಿಡೀ ನಾನೂ ನೂರಾಪಾನೂ ಬಾಗಿಲಲ್ಲೇ ಕುಳಿತೆವು. ಅವರು ಅಲ್ಲಾನನ್ನು ಕರೆದರು, ನಾನು ಬಸವಣ್ಣನನ್ನು ಕರೆದೆ. ಯಾರಾದರೊಬ್ಬರು ಚಂದಾಪುರದ ಕಡೆ ನೋಡಲಿ ಎಂದು.

ಹೊತ್ತು ಮುಳುಗುವ ಹೊತ್ತಿಗೆ ಬೈಕು ಬಂತು. ರಕ್ತವಿಲ್ಲ. ಇಬ್ಬರ ಮುಖದಲ್ಲೂ ನಗು! ಇವರ ಕೈಯಲ್ಲಿ ಒಂದು ಚೀಲ.

"ಭಾಳ ಛಲೋ ಮನುಷ್ಯ ಇದ್ದಾನ!" ಎಂದರು. ಅಷ್ಟು ಮಾತಾಡಿದ್ದಕ್ಕೇ ನನಗೆ ಅಳು ಬಂತು. "ಅವನ ಹಂತ್ಯಾಕ ಇನ್ನೂ ನಡಿಯೋ ಗೇಮಿನ ಮಶಿನ್ ಅದ. ಮೂರು ತಾಸು ಆಡಿದ್ವಿ. ಊಟಾನೂ ಹಾಕಿ ಕಳಸ್ಯಾರ."

ಬದುಕಿದೆ ಎಂದು ಉಸಿರು ಬಿಟ್ಟೆ. ಮಲ್ಲಣ್ಣ ಚೀಲದಿಂದ ಒಂದು ಕಪ್ಪು ಕ್ಯಾಸೆಟ್ ತೆಗೆದು ನನ್ನ ಮುಂದೆ ಹಿಡಿದರು. "ವೈನಿ, ಇದರ ನ್ಯಾಯದ ರೇಟು ಹೇಳ್ರಿ ನೋಡೋಣ."

ಕಳೆದುಕೊಂಡ ಮಾನವನ್ನು ಮರಳಿ ಪಡೆಯಲು ದೇವರೇ ಕೊಟ್ಟ ಅವಕಾಶ! ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದೆ. ಸ್ಟಿಕರಿನ ನಾಲ್ಕೂ ಮೂಲೆ ನೋಡಿದೆ. ಸ್ಕ್ರೂಗಳನ್ನು ಉಗುರಿನಿಂದ ಮುಟ್ಟಿದೆ. ಎಣ್ಣೆಯ ಕಲೆ ಹುಡುಕಿದೆ. ಇಬ್ಬರೂ ತಾಳ್ಮೆಯಿಂದ ಕಾದರು. ನೂರಾಪಾ ಕೂಡ ಕತ್ತು ಚಾಚಿದರು.

"ಸ್ಕ್ರೂ ಮುಟ್ಟಿಲ್ಲ. ಸ್ಟಿಕರ್ ಹೊಸದಿದ್ದಂಗ ಅದ. ಆದ್ರ ಡಬ್ಬಿ ಇಲ್ಲ, ಪುಸ್ತಕ ಇಲ್ಲ" ಎಂದು ಗಂಟಲು ಸರಿಪಡಿಸಿಕೊಂಡು ತೀರ್ಪು ಕೊಟ್ಟೆ. "ಒಂದು ಸಾವಿರದ ಎಂಟು ನೂರು. ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿಲ್ಲ."

ಮಲ್ಲಣ್ಣ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕರು. ಇವರು ಕ್ಯಾಸೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಅಲ್ಲಾಡಿಸಿದರು. ಒಳಗೆ ಗಲಗಲ ಸದ್ದಾಯಿತು.

"ಒಳಗ ಏನೂ ಇಲ್ಲ, ಬರೇ ಖೋಕಾ. ಸಪ್ಪಳ ಬರ್ಲಿ ಅಂತ ಕಂಪೌಂಡರನ ಹೆಂಡತಿ ನಾಕು ಹುಣಸಿ ಬೀಜ ತುಂಬ್ಯಾಳ" ಎಂದರು. "ಅವರ ಕೂಸು ಆಡೋ ಗಿಲಕಿ. ಅಕ್ಕೋರಿಗೆ ತೋರಸ್ರಿ ಅಂತ ಆಕಿನಽ ಪುಕ್ಕಟ ಕೊಟ್ಟಾಳ."