ತಣ್ಣೀರು ಹುಡುಕಿಕೊಂಡು ಬೆಟ್ಟ ಹತ್ತಿದ ಕ್ಯಾಮರಾ ಅವರಿಗೆ

ಮಂಡ್ಯದ ಪೇಟೆಬೀದಿಯಲ್ಲಿರುವ ಪುಟ್ಟರಾಜು ಅವರ ಫೋಟೋ ಸ್ಟುಡಿಯೋದಲ್ಲಿ ಮೂರು ಕಾಲಿನ ಮೇಲೆ ನಿಂತು, ತಲೆಯ ಮೇಲೆ ಕರಿಯ ಬಟ್ಟೆ ಹೊದ್ದು, ಬಂದವರನ್ನೆಲ್ಲ ಒಂದೇ ಕಣ್ಣಿನಿಂದ ಅಳೆಯುತ್ತಿರುವ ಶ್ರೀಮಾನ್ ಕ್ಯಾಮರಾ ಅವರ ಸನ್ನಿಧಾನಕ್ಕೆ, ಮಳವಳ್ಳಿಯ ಮಿಡ್ಲ್ ಸ್ಕೂಲಿನ ಉಪಾಧ್ಯಾಯ ಹೊನ್ನಯ್ಯನು ಮಾಡುವ ಅನಂತ ನಮಸ್ಕಾರಗಳು. ಧಾತು ಸಂವತ್ಸರದ ಜ್ಯೇಷ್ಠ ಮಾಸದ ಈ ಹೊತ್ತಿನವರೆಗೆ ನಾವು ಸಂಸಾರ ಸಮೇತ ಕ್ಷೇಮ. ತಮ್ಮ ಗಾಜು, ತಿದಿ, ತಿರುಪುಗಳ ಕ್ಷೇಮದ ವಿಚಾರವನ್ನು ತಿಳಿಯಲು ಆತುರನಾಗಿದ್ದೇನೆ.

ಮಾನ್ಯರೇ,

ದೂರು ಹೇಳಿಕೊಳ್ಳುವವನು ಯಜಮಾನರನ್ನು ಬಿಟ್ಟು ಅವರ ಯಂತ್ರಕ್ಕೆ ಪತ್ರ ಬರೆಯುವುದು ಲೋಕರೂಢಿಯಲ್ಲವೆಂದು ನಾನು ಬಲ್ಲೆ. ಆದರೆ ತಮ್ಮ ಯಜಮಾನರಾದ ಪುಟ್ಟರಾಜು ಅವರು ನನ್ನ ಹೆಂಡತಿ ಯಶೋದಮ್ಮನ ಸ್ವಂತ ಅಣ್ಣ. ಅವರ ಮೇಲೆ ನಾನು ಒಂದು ಮಾತು ಆಡಿದರೆ ಆ ದಿನ ನಮ್ಮ ಮನೆಯ ಸಾರಿಗೆ ಉಪ್ಪು ಬೀಳುವುದಿಲ್ಲ, ಇನ್ನೊಂದು ಮಾತು ಆಡಿದರೆ ಒಲೆಯೇ ಹತ್ತುವುದಿಲ್ಲ. ನಮ್ಮ ತಾಯಿಯವರ ಪಟದ ಪ್ರಸ್ತಾಪ ಎತ್ತಿದ ದಿನವೂ ಅವಳು "ನಮ್ಮಣ್ಣನ್ ಸುದ್ದಿಗೆ ಬರ್ಬ್ಯಾಡಿ, ಕೇಳಾದಿದ್ರೆ ಆ ಡಬ್ಬನೇ ಕೇಳ್ಕೋ ಓಗಿ" ಎಂದು ಅಪ್ಪಣೆ ಕೊಡಿಸಿದ್ದರಿಂದ, ಡಬ್ಬವನ್ನೇ ಕೇಳಲು ಬಂದಿದ್ದೇನೆ. ಡಬ್ಬ ಎಂಬ ಮಾತು ಅವಳದು, ನನ್ನದಲ್ಲ. ನಾನು ತಮ್ಮನ್ನು ಮಹಾಶಯರೆಂದಲ್ಲದೆ ಬೇರೆ ಹೆಸರಿನಿಂದ ಕರೆದವನಲ್ಲ. ಈ ಪತ್ರವನ್ನು ತಮ್ಮ ಸ್ಟುಡಿಯೋದ ಬಾಗಿಲಿಗೆ ಅಂಟಿಸುತ್ತಿರುವುದು ಕೇವಲ ಗೌರವಕ್ಕಾಗಿ. ದಾರಿಹೋಕರು ನಿಂತು ಓದಿಕೊಂಡರೆ ಅದಕ್ಕೆ ನಾನು ಹೊಣೆಯಲ್ಲ.

ವಿಷಯಕ್ಕೆ ಬರುತ್ತೇನೆ. ನಾನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಯುವ ಮೊದಲೇ ನಮ್ಮ ತಂದೆಯವರು ಪ್ಲೇಗಿನಲ್ಲಿ ತೀರಿಕೊಂಡರು. ಅವರ ಪಟವಿಲ್ಲ. ಮುಖ ಹೇಗಿತ್ತೆಂದು ಕೇಳಿದರೆ ಕಿರುಗಾವಲಿನ ನಮ್ಮ ನೆಂಟರಲ್ಲಿ ಒಬ್ಬರು ಉದ್ದ ಎನ್ನುತ್ತಾರೆ, ಇನ್ನೊಬ್ಬರು ದುಂಡು ಎನ್ನುತ್ತಾರೆ, ನಮ್ಮ ತಾಯಿ ಹೊಂಬಾಳಮ್ಮನವರು "ಚೆಂದಾಗಿದ್ರು ಬುಡು" ಎಂದು ಹೇಳಿ ಬೇರೆ ಕೆಲಸಕ್ಕೆ ಏಳುತ್ತಾರೆ. ನಾನು ಎಷ್ಟು ತಲೆ ಕೆರೆದುಕೊಂಡರೂ ಆ ಮುಖ ನೆನಪಿಗೆ ಬರುವುದಿಲ್ಲ. ಹೆತ್ತ ತಂದೆಯ ಮುಖ ಗೊತ್ತಿಲ್ಲದವನ ಸಂಕಟ ದಿನಕ್ಕೆ ಹತ್ತಾರು ಹೊಸ ಮುಖ ನೋಡುವ ತಮಗೆ ಅರ್ಥವಾಗುತ್ತದೋ ಇಲ್ಲವೋ ಅರಿಯೆ. ತಾಯಿಯವರ ಮುಖವಾದರೂ ನನ್ನ ಮಕ್ಕಳಿಗೆ ಉಳಿಯಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಆದರೆ ತಾಯಿಯವರಿಗೆ ತಮ್ಮ ಮೇಲೆ ಅಷ್ಟು ವಿಶ್ವಾಸವಿರಲಿಲ್ಲ. ತಾವು ಯಾರನ್ನು ಒಮ್ಮೆ ನೋಡುತ್ತೀರೋ ಅವರ ಆಯಸ್ಸಿನಲ್ಲಿ ಒಂದು ಚೂರು ತಮ್ಮ ಹೊಟ್ಟೆಗೆ ಹೋಗುತ್ತದೆಂದು ಅವರು ನಂಬಿದ್ದಾರೆ. ನಾನು ಪಾಠದ ಧಾಟಿಯಲ್ಲಿ ಬೆಳಕು, ಮಸೂರ, ರಾಸಾಯನಿಕ ಎಂದು ವಿವರಿಸಿದಾಗಲೆಲ್ಲ "ಇಸ್ಕೂಲ್ನಾಗ್ ಯೋಳ್ಕೋ ಓಗು" ಎಂದು ಕಳಿಸಿದರು. ಕಳೆದ ಚಳಿಗಾಲದಲ್ಲಿ ಜ್ವರ ಬಂದು ಹಾಸಿಗೆ ಹಿಡಿದು, ಎದ್ದು ಕೂತ ಮೇಲೆ ಅವರಿಗೇ ಏನನ್ನಿಸಿತೋ, "ಒಂದೇ ಒಂದ್ ಸಲ ಕಣ್ಲಾ, ಕೆಟ್ಟೋದ್ರೆ ಇನ್ನೊಂದ್ ಸಲ ಕುಂತ್ಕಳಲ್ಲ" ಎಂದು ರಾಗಿಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡಿದರು. ನಮ್ಮ ತಾಯಿಯವರು ರಾಗಿಕಲ್ಲು ಮುಟ್ಟಿ ಹೇಳಿದ ಮಾತನ್ನು ಮೀರಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ಹೀಗಾಗಿ ತಮ್ಮ ಆ ಒಂದು ನೋಟದ ಮೇಲೆ ನಮ್ಮದೆಲ್ಲವೂ ನಿಂತಿತ್ತು.

ಮದ್ದೂರಿಗೆ ಬಸ್ಸಿನಲ್ಲಿ, ಅಲ್ಲಿಂದ ರೈಲಿನಲ್ಲಿ ಅವರನ್ನು ಕರೆತಂದು ತಮ್ಮೆದುರು ಕೂರಿಸಿದ ದಿನ ತಮಗೆ ನೆನಪಿರಬಹುದು. ಪಕ್ಕದ ಮೇಜಿನ ಮೇಲಿದ್ದ ಕಾಗದದ ಹೂವಿನ ಕುಂಡದ ಮೇಲೆ ಕೈಯಿಡಿ ಎಂದು ತಮ್ಮ ಯಜಮಾನರು ಬೇಡಿಕೊಂಡರು. "ನಂಗ್ಯಾಕಪ್ಪ ಊವು ಈ ವಯಸ್ನಲ್ಲಿ" ಎಂದು ಅವರು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತರು. ಅಲ್ಲಾಡಬೇಡಿ ಎಂದಾಗ ಹಿಡಿದ ಉಸಿರನ್ನು, ಆಯಿತು ಎಂದ ಮೇಲೂ ಅವರು ಬಿಡದಿದ್ದುದರಿಂದ, ನಾನು ಹೋಗಿ ಬೆನ್ನು ತಟ್ಟಬೇಕಾಯಿತು. ತಾವು ಮಾತ್ರ ಕಣ್ಣು ಮಿಟುಕಿಸಿದವರೇ ಸುಮ್ಮನಾದಿರಿ. ಎಂಥ ಗಾಂಭೀರ್ಯ ತಮ್ಮದು!

ಪಟ ಯಾವಾಗ ಕೈಗೆ ಬರುತ್ತದೆಂದು ಕೇಳಿದಾಗ ತಮ್ಮ ಯಜಮಾನರು ಒಂದು ಹೊಸ ಶಾಸ್ತ್ರವನ್ನು ಬೋಧಿಸಿದರು. ಗಾಜಿನ ಪ್ಲೇಟಿನ ಮೇಲೆ ಕೂಸಿಗೆ ತಿನ್ನಿಸುವ ರಾಗಿಸರಿಯಂಥ ಒಂದು ತೆಳ್ಳನೆಯ ಲೇಪವಿರುತ್ತದಂತೆ, ಮುಖ ಮೂಡುವುದು ಅದರಲ್ಲೇ ಅಂತೆ. ವೈಶಾಖದಲ್ಲಿ ಮಂಡ್ಯದ ನೀರು ಎಷ್ಟು ಬೆಚ್ಚಗಿರುತ್ತದೆಂದರೆ ತೊಳೆಯುವಾಗ ಆ ಲೇಪ ಕರಗಿ ಜಾರುತ್ತದಂತೆ. ಕಳೆದ ಬೇಸಗೆಯಲ್ಲಿ ಕೊಪ್ಪದ ಒಬ್ಬ ಮದುಮಗನ ಮೀಸೆ ಹೀಗೆಯೇ ಜಾರಿ ಗದ್ದಕ್ಕೆ ಇಳಿದು, ಮಾವನ ಮನೆಯವರು ಅಳಿಯ ಇವನಲ್ಲ ಎಂದು ಪಟವನ್ನು ಹಿಂದಕ್ಕೆ ಕಳಿಸಿದ್ದರಂತೆ. ಆದ್ದರಿಂದ ತೊಳೆಯದ ಪ್ಲೇಟುಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟುಕೊಂಡು ನೀಲಗಿರಿಗೆ ಹೋಗಿ, ಅಲ್ಲಿಯ ತಣ್ಣೀರಿನಲ್ಲಿ ತೊಳೆದು ತರುವುದೇ ಉತ್ತಮವೆಂದು ಅವರು ತೀರ್ಮಾನಿಸಿದ್ದರು. ತಣ್ಣೀರು ಬೇಕಾದರೆ ಒಂದು ಹೊಸ ಮಡಕೆ ಕೊಂಡರೆ ಸಾಕಲ್ಲವೇ ಎಂದು ಕೇಳುವಷ್ಟು ಸಣ್ಣ ಬುದ್ಧಿಯವನು ನಾನು. ಗಿರಾಕಿಗಳ ಮೀಸೆಯ ಮೇಲಿನ ಕಾಳಜಿಯಿಂದ ಗುಂಡ್ಲುಪೇಟೆ, ಗೂಡಲೂರು, ಊಟಿ, ಕೂನೂರು, ಕೋಟಗಿರಿಗಳನ್ನೆಲ್ಲ ಸುತ್ತಿಬರುವ ತ್ಯಾಗಬುದ್ಧಿ ತಮ್ಮ ಸ್ಟುಡಿಯೋಗೆ ಮಾತ್ರ ಒಲಿದದ್ದು.

ಆ ದಿಗ್ವಿಜಯದ ವರ್ತಮಾನಗಳನ್ನು ತಮ್ಮ ಯಜಮಾನರು ಊರೂರಿನಿಂದ ತಂಗಿಗೆ ಕಾರ್ಡು ಹಾಕಿ ತಿಳಿಸುತ್ತಿದ್ದುದರಿಂದ ನಮಗೂ ಕೇಳುವ ಪುಣ್ಯ ಸಿಕ್ಕಿತು. ತಮ್ಮನ್ನೂ ತಮ್ಮ ಯಜಮಾನರನ್ನೂ ಹೊತ್ತ, ಅವರ ಗೆಳೆಯ ಲಿಂಗಯ್ಯನ ಹಳೆಯ ಮೋಟಾರಿಗೆ ಕಡಿದಾದ ಏರಿನಲ್ಲಿ ಪೆಟ್ರೋಲು ಮುಂದಕ್ಕೆ ಹರಿಯದೆ, ಅದನ್ನು ತಿರುಗಿಸಿ ನಿಲ್ಲಿಸಿ ಘಾಟಿಯನ್ನು ಹಿಂದುಮುಂದಾಗಿ ಹತ್ತಿಸಿದಿರಂತೆ. ಎದುರಿಗೆ ಬಂದ ಗಾಡಿಯವನೊಬ್ಬ ಇವರು ಹತ್ತುತ್ತಿದ್ದಾರೋ ಇಳಿಯುತ್ತಿದ್ದಾರೋ ತಿಳಿಯದೆ ಎತ್ತು ಬಿಚ್ಚಿಕೊಂಡು ಕಾಡಿನೊಳಗೆ ಹೋಗಿ ನಿಂತನಂತೆ. ಕೂನೂರಿನಲ್ಲಿ ಬೆಟ್ಟದ ರೈಲಿನೊಡನೆ ಪಂದ್ಯ ಹೂಡಿ ಸೋತು, ಸೋಲಿಸಿದ ರೈಲಿನಿಂದಲೇ ಒಂದು ಬಕೆಟ್ಟು ನೀರು ಬೇಡಿ ಮೋಟಾರಿನ ಬಾಯಿಗೆ ಹೊಯ್ದಿರಂತೆ. ಕೋಟಗಿರಿಯಲ್ಲಿ ತಮ್ಮ ಯಜಮಾನರು ಯಾರದೋ ಟೋಪಿ ಧರಿಸಿ ಕುದುರೆ ಏರಿದ ಚಿತ್ರವನ್ನು ಈಗ ತಮ್ಮ ಅಂಗಡಿಯ ಮುಂದೆ ತೂಗುಹಾಕಿದ್ದೀರಿ. ಎಷ್ಟು ಎಳೆದರೂ ಬಡಿದರೂ ಆ ಕುದುರೆ ಹೆಜ್ಜೆ ಕಿತ್ತಿಡಲಿಲ್ಲವೆಂದು ಲಿಂಗಯ್ಯ ಹೇಳಿದ್ದಾನೆ. ಅದರಿಂದಾಗಿ ಚಿತ್ರ ಮಾತ್ರ ಬಹಳ ಸ್ಥಿರವಾಗಿ ಬಂದಿದೆ, ಅಭಿನಂದನೆಗಳು.

ಇತ್ತ ಮಳವಳ್ಳಿಯಲ್ಲಿ ಹೆಂಚು ಕಾದು, ನಾಯಿಗಳು ಚರಂಡಿಯಲ್ಲಿ ಮಲಗಿ, ನಾವು ಬೀಸಣಿಗೆ ಬೀಸಿ ಕೈ ಸೋತು ಕೂತಿರುವಾಗ, ಸಂಜೆ ಮದ್ದೂರಿನ ಬಸ್ಸು ಬಂದು ನಿಂತ ಸದ್ದಾದರೆ ಸಾಕು, ತಾಯಿಯವರು ಜಗುಲಿಗೆ ಬಂದು "ಬಂದ್ನೇನ್ಲಾ ನಾನು?" ಎಂದು ಕೇಳುತ್ತಿದ್ದರು. ಇನ್ನೂ ಇಲ್ಲವ್ವ ಎಂದರೆ "ಎಲ್ಲವ್ನೀ ಅಂತೆ ಈಗ?" ಎನ್ನುವರು. ಊಟಿಯಲ್ಲಿದ್ದೀಯಂತೆ, ಕೂನೂರಿಗೆ ಹೋದೆಯಂತೆ ಎಂದು ಕಾರ್ಡು ನೋಡಿ ನಾನು ಉತ್ತರ ಕೊಡಬೇಕು. ಹುಟ್ಟಿದ್ದು ಹಲಗೂರಿನ ಕಡೆ, ಸೇರಿದ್ದು ಕಿರುಗಾವಲು, ಇರುವುದು ಮಳವಳ್ಳಿ, ಈ ಪಟಕ್ಕಾಗಿ ಮಂಡ್ಯ ಕಂಡದ್ದೇ ಅವರ ಮಹಾಯಾತ್ರೆ. ಅಂಥವರು ಕಡಲೆಕಾಯಿ ಸುಲಿಯುತ್ತ ಜಗುಲಿಯಲ್ಲಿ ಕೂತು, ತಾನೀಗ ಯಾವ ಊರಿನಲ್ಲಿದ್ದೇನೆಂದು ಮಗನನ್ನು ವಿಚಾರಿಸುವಂತಾಯಿತು. ನಾನು ನಗುತ್ತಿದ್ದೆ, ಆದರೆ ಎದೆಯೊಳಗೆ ಭಯವಿತ್ತು. ಪೆಟ್ಟಿಗೆ ಘಾಟಿಯಲ್ಲಿ ಜಾರಿ ಬಿದ್ದರೆ ಏನು ಗತಿ ಎಂದು ಎಷ್ಟೋ ಸಲ ನಿದ್ದೆಗೆಟ್ಟಿದ್ದೇನೆ.

ಪೆಟ್ಟಿಗೆ ಬೀಳಲಿಲ್ಲ. ಮೊದಲ ಮಳೆಯ ಹೊತ್ತಿಗೆ ತಮ್ಮ ಯಜಮಾನರು ಮೂಗಿನ ಮೇಲೆ ಚರ್ಮ ಸುಲಿದುಕೊಂಡು, ತಂಗಿಗೆ ಒಂದು ಸೀಸೆ ನೀಲಗಿರಿ ಎಣ್ಣೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಎಣ್ಣೆ ಕೈಗೆ ಬಿದ್ದ ಮೇಲೆ ಯಶೋದಮ್ಮ ಯಾರ ಪಕ್ಷ ಸೇರಿದಳೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಅವರು ನನ್ನನ್ನು ಹಿತ್ತಿಲಿಗೆ ಕರೆದು, "ಭಾವ, ಬೈಬ್ಯಾಡಿ, ಒಂದ್ ವಿಶೇಷ ಆಗೋಗದೆ" ಎಂದು ಲಕೋಟೆ ತೆರೆದರು.

ಆ ವಿಶೇಷವನ್ನು ತಮಗೆ ವಿವರಿಸುವುದು ಉದ್ಧಟತನ, ಅದು ತಮ್ಮದೇ ಸೃಷ್ಟಿ. ಆದರೂ ದಾರಿಹೋಕರ ಅನುಕೂಲಕ್ಕಾಗಿ ಹೇಳುತ್ತೇನೆ. ಒಮ್ಮೆ ಬಳಸಿದ ಪ್ಲೇಟಿನ ಮರದ ಚೌಕಟ್ಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುವುದು ತಮ್ಮ ಸ್ಟುಡಿಯೋದ ಪದ್ಧತಿ. ಮಂಡ್ಯದ ಒಣ ಬಿಸಿಲಿನಲ್ಲಿ ಆ ಗೀಟು ವರ್ಷಗಟ್ಟಲೆ ನಿಲ್ಲುತ್ತದೆ. ಬೆಟ್ಟದ ಮಂಜು ಅದನ್ನು ಒರೆಸಿಹಾಕುತ್ತದೆಂದು ಸೀಮೆಸುಣ್ಣದಲ್ಲೇ ಜೀವನ ಕಳೆಯುವ ನನಗೂ ಹೊಳೆಯಲಿಲ್ಲ, ತಮ್ಮ ಯಜಮಾನರಿಗೂ ಹೊಳೆಯಲಿಲ್ಲ. ಗೀಟಿಲ್ಲದ ಚೌಕಟ್ಟನ್ನು ಹೊಸದೆಂದು ತಿಳಿದು ತಮ್ಮ ಬೆನ್ನಿಗೆ ಸೇರಿಸಿ, ಊಟಿಯ ಆಚೆಗಿನ ಒಂದು ಕಣಿವೆಯನ್ನು ತೋರಿಸಿದರು. ತಾವು ಅದನ್ನೂ ನುಂಗಿದಿರಿ. ಈಗ ಒಂದೇ ಗಾಜಿನಲ್ಲಿ ನಮ್ಮ ತಾಯಿಯವರೂ ನೀಲಗಿರಿಯೂ ಒಟ್ಟಿಗೆ ಸಂಸಾರ ಮಾಡಿಕೊಂಡಿದ್ದಾರೆ. ತಾಯಿಯವರ ಮಡಿಲ ತುಂಬ ಮಂಜು, ಎಡಗೈಯ ಮೇಲೆ ಹಾಯ್ದುಹೋಗುವ ರಸ್ತೆ, ಮೊಣಕಾಲಿನ ಹತ್ತಿರ ಲಿಂಗಯ್ಯನೂ ಮೋಟಾರೂ ಬಟಾಣಿಯಷ್ಟು.

ಮಹಾಶಯರೇ, ಆಗ ನನಗೆ ಬಂದ ಸಿಟ್ಟನ್ನು ಈ ಕಾಗದದ ಸಭ್ಯತೆ ತಾಳಲಾರದು. ಇದ್ದುದೊಂದೇ ಅವಕಾಶ, ಅದು ಹೀಗಾಯಿತು. ತಾವು ಆ ಕಣಿವೆಯನ್ನು ದಯಮಾಡಿ ಹಿಂದಕ್ಕೆ ಕಕ್ಕಬೇಕೆಂದೂ, ಮಂಜನ್ನು ಎತ್ತಿಕೊಂಡು ಹೋಗಲು ಮಂಜಿಗೇ ಅಪ್ಪಣೆ ಮಾಡಬೇಕೆಂದೂ, ಲಿಂಗಯ್ಯನು ನಮ್ಮ ತಾಯಿಯವರ ಸೀರೆಯ ಮೇಲಿಂದ ತನ್ನ ಮೋಟಾರನ್ನು, ಬೇಕಾದರೆ ಹಿಂದುಮುಂದಾಗಿಯೇ, ಓಡಿಸಿಕೊಂಡು ಹೊರಡುವಂತೆ ಕಟ್ಟಪ್ಪಣೆ ಮಾಡಬೇಕೆಂದೂ ಕೇಳಿಕೊಳ್ಳಲು ಅಂದೇ ಈ ಪತ್ರವನ್ನು ಬರೆಯತೊಡಗಿದೆ. ಇಷ್ಟೂ ಆಗದಿದ್ದರೆ ನೀಲಗಿರಿಯನ್ನೇ ಬೇರೆ ಕಡೆಗೆ ಸರಿಸುವ ಬಗ್ಗೆ ಸರ್ಕಾರಕ್ಕೆ ತಾವೇ ಅರ್ಜಿ ಹಾಕಬೇಕೆಂಬ ಪ್ರಾರ್ಥನೆಯೂ ಅದರಲ್ಲಿತ್ತು.

ಪಟವನ್ನು ತಾಯಿಯವರಿಗೆ ತೋರಿಸಬಾರದೆಂದು ನಿಶ್ಚಯಿಸಿ ಜಂತೆಯ ಸಂದಿಯಲ್ಲಿ ಸಿಕ್ಕಿಸಿದ್ದೆ. ಆದರೆ ನಮ್ಮ ಮನೆಯಲ್ಲಿ ಅವರಿಗೆ ತಿಳಿಯದ ಸಂದಿಯಿಲ್ಲ. ನಿನ್ನೆ ಸ್ಕೂಲಿನಿಂದ ಬಂದಾಗ ಅವರು ಪಟವನ್ನು ತೊಡೆಯ ಮೇಲಿಟ್ಟುಕೊಂಡು, ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ನೋಡುತ್ತಿದ್ದರು. ನಾನು ತಪ್ಪೊಪ್ಪಿಕೊಳ್ಳುವವನಂತೆ ಸೀಮೆಸುಣ್ಣ, ಮಂಜು, ಚೌಕಟ್ಟು ಎಂದು ಶುರುಮಾಡಿದೆ. ಅವರು ತಲೆಯೆತ್ತದೆ, "ಸುಮ್ಕಿರ್ಲಾ. ಆಯಸ್ಸಲ್ ಒಂದ್ ಚೂರ್ ತಕ್ಕತದೆ ಅಂತ ನಾ ಯೋಳ್ನಿಲ್ವಾ? ತಕ್ಕಂಡ್ ಓಗಿ ತಣ್ಣಗಿರೋ ಕಡೆ ಮಡಗದೆ, ಇರ್ಲಿ ಬುಡು" ಎಂದರು.

ಆಗ ಪಕ್ಕಕ್ಕೆ ಕೂತು ನಾನೂ ಪಟವನ್ನು ಸರಿಯಾಗಿ ನೋಡಿದೆ. ಸಿಟ್ಟಿನಲ್ಲಿ ಅಲ್ಲಿಯವರೆಗೆ ನಾನು ನೋಡಿದ್ದು ಬೆಟ್ಟವನ್ನು ಮಾತ್ರ. ತಾಯಿಯವರ ಮುಖದ ಹಿಂದೆ ಬಿದ್ದದ್ದು ಕಾಡಿನ ಕಪ್ಪು. ಆ ಕಪ್ಪಿನಲ್ಲಿ ಹಣೆಯ ಗೆರೆ, ಮೂಗಿನ ಬೊಟ್ಟು, ಉಸಿರು ಹಿಡಿದು ಬಿಗಿದ ತುಟಿ ಎಲ್ಲವೂ ಚೆನ್ನಾಗಿ ಬಂದಿವೆ. ನನ್ನ ಚಿಕ್ಕ ಮಗಳು ಬೆರಳಿಟ್ಟು ಅಜ್ಜಿ ಎಂದಳು.

ಆದ್ದರಿಂದ ಮಾನ್ಯರೇ, ಮೇಲಿನ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಕಣಿವೆ ಇದ್ದಲ್ಲೇ ಇರಲಿ, ಲಿಂಗಯ್ಯನೂ ಇರಲಿ. ತಾವು ಕೊಂಡೊಯ್ದ ಆ ಒಂದು ಚೂರನ್ನು ಅಲ್ಲೇ, ತಣ್ಣಗಿರುವ ಕಡೆ, ಜೋಪಾನವಾಗಿ ಇಟ್ಟುಕೊಂಡಿರಬೇಕೆಂದು ಮಾತ್ರ ಬೇಡಿಕೊಳ್ಳುತ್ತೇನೆ. ಇಲ್ಲಿ ಉಳಿದಿರುವುದನ್ನು ನಾನು ನೋಡಿಕೊಳ್ಳುತ್ತೇನೆ.

ಇನ್ನು ಮುಂದೆಯೂ ತಮ್ಮೆದುರು ಅಲ್ಲಾಡದೆ ಕೂರಲು ಸಿದ್ಧನಿರುವ,

ತಮ್ಮ ವಿಶ್ವಾಸಿ,
ಹೊನ್ನಯ್ಯ
ಮಳವಳ್ಳಿ

ಮರೆತ ಮಾತು: ಪಟದಲ್ಲಿ ತಾನು ಕೂತಿರುವ ಬೆಟ್ಟದ ಜಾಗವನ್ನು ಕಣ್ಣಾರೆ ನೋಡಿ ಬರಬೇಕೆಂದು ತಾಯಿಯವರು ಹಟ ಹಿಡಿದಿದ್ದಾರೆ. ಮುಂದಿನ ವೈಶಾಖಕ್ಕೆ ಅವರೂ, ಎದುರುಮನೆಯ ಬೆಟ್ಟಮ್ಮನವರೂ, ಬೆಟ್ಟಮ್ಮನವರ ಅಕ್ಕ ಮರಿತಾಯಮ್ಮನವರೂ, ಒಂದು ಮೂಟೆ ರಾಗಿ ಹಿಟ್ಟೂ, ಮುದ್ದೆ ತೊಳಸುವ ಕೋಲೂ ಲಿಂಗಯ್ಯನ ಅದೇ ಮೋಟಾರಿನಲ್ಲಿ ಹೊರಡುವುದೆಂದು ನಿಶ್ಚಯವಾಗಿದೆ. ಮುಂದಿನ ಸೀಟು ತಾಯಿಯವರದು. ದಾರಿಯಲ್ಲಿ ಸಿಕ್ಕುವ ಪ್ರತಿಯೊಂದು ಗುಡಿಗೂ ಇಳಿದು ಕೈಮುಗಿಯುವುದು, ರೈಲಿನೊಡನೆ ಪಂದ್ಯ ಕಟ್ಟಕೂಡದು, ಕುದುರೆ ಏರಕೂಡದು ಎಂಬುದು ಅವರ ಕಟ್ಟಳೆ. ತಮ್ಮ ಯಜಮಾನರಿಗೆ ಇದು ಇನ್ನೂ ಗೊತ್ತಿಲ್ಲ. ಬಾಗಿಲ ಮೇಲೆ ಓದಿಕೊಂಡು ಅವರು ಹಿಂದಿನ ಕಿಟಕಿಯಿಂದ ಓಡಲು ನೋಡಿದರೆ, ತಾವು ದಯಮಾಡಿ ಒಂದು ಕಾಲನ್ನು ಅಡ್ಡ ಇಡಬೇಕು.