ಪ್ರಭಾರ ಸಾಹೇಬರ ಖಾಲಿ ಕುರ್ಚಿ

ಮಣಿಪಾಲದ ಹತ್ತಿರ ನಾನು ಗೈಡ್ ಆಗಿರುವ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯದಲ್ಲಿ ನೋಡುವಂಥದ್ದು ಬಹಳ ಉಂಟು. ನಗುವಂಥದ್ದಕ್ಕೆ ಮಾತ್ರ ಟಿಕೆಟ್ ಇಲ್ಲ. ನಾನು ಮಾತು ಕಡಿಮೆಯವಳಾದ್ದರಿಂದ ಎಲ್ಲವೂ ನನ್ನ ಕಣ್ಣಿಗೇ ಬೀಳುತ್ತದೆ.

ಕೂರಬಾರದ ಕುರ್ಚಿ

ನಿರ್ದೇಶಕರು ನಿವೃತ್ತರಾದ ಮೇಲೆ ನಮ್ಮ ಹಿರಿಯ ಕ್ಯುರೇಟರ್ ಸರ್ ಪ್ರಭಾರ ವಹಿಸಿಕೊಂಡರು. ಆ ಹುದ್ದೆಗೆ ಸಂದರ್ಶನವನ್ನೂ ಕೊಟ್ಟು ಬಂದರು. ಕಾಯಂ ಆದೇಶ ಮಾತ್ರ ದೆಹಲಿಯಿಂದ ಬರಲೇ ಇಲ್ಲ. ನಿರ್ದೇಶಕರ ಗಾಜಿನ ಕೋಣೆಯ ದೊಡ್ಡ ಕುರ್ಚಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಸರ್ ಅದರ ಮೇಲೆ ಕೂತೇ ಫೈಲುಗಳಿಗೆ ಸಹಿ ಹಾಕುತ್ತಿದ್ದರು.

"ಕುರ್ಚಿ ಉಂಟಲ್ವಾ ಸರ್?" ಎಂದೆ ಮೆಲ್ಲಗೆ.

"ಆದೇಶ ಬರುವ ಮೊದಲು ಕೂತರೆ ಆದೇಶ ಬರುವುದೇ ಇಲ್ಲಮ್ಮ. ಹಿಂದೆ ಒಬ್ಬರು ಕೂತಿದ್ದರು. ಮರುವಾರವೇ ವರ್ಗ!"

ಅಷ್ಟು ಹೇಳಿ ಎದ್ದು ಸಭಾಂಗಣಕ್ಕೆ ಹೋದರು. ಅಲ್ಲಿ ಕಾರ್ಕಳದ ಶಾಲೆಯ ಮಕ್ಕಳು ಕಾಯುತ್ತಿದ್ದರು. ಸರ್ ಅವರ ಅಂದಿನ ಉಪನ್ಯಾಸ, 'ಮೂಢನಂಬಿಕೆ ಬಿಡಿ.'

ಸಂಬಳದ ಪ್ರಶ್ನೆ

ದುಬೈಯಿಂದ ರಜೆಗೆ ಬಂದ ಕಟಪಾಡಿಯ ಅಂಕಲ್ ಒಬ್ಬರು ಗಾಜಿನೊಳಗೆ ಇಣುಕಿ, "ನಿಮ್ಮ ಸಾಹೇಬರಿಗೆ ಸಂಬಳ ಎಷ್ಟು ಉಂಟು?" ಎಂದರು. ಇದು ಕೇಳಬಾರದ ಪ್ರಶ್ನೆ ಎಂದು ಇಂಗ್ಲಿಷ್ ಮೀಡಿಯಂನಲ್ಲಿ ನನಗೆ ಕಲಿಸಿದ್ದರು. ನಮ್ಮೂರಲ್ಲಿ ಅದೇ ಮೊದಲ ಪ್ರಶ್ನೆ.

ಸರ್ ಒಳಗಿನಿಂದಲೇ, "ಕೆಲಸ ನಿರ್ದೇಶಕರದ್ದು ಮಾರಾಯ್ರೆ, ಸಂಬಳ ಹಳೆಯ ಹುದ್ದೆಯದ್ದೇ" ಎಂದರು.

ಅಂಕಲ್ ಸ್ಟೂಲನ್ನು ನೋಡಿದರು. "ಓ, ಪೂರ್ತಿ ಸಂಬಳ ಕೊಟ್ಟರೆ ಮಾತ್ರ ಕುರ್ಚಿಯಾ!"

ಒಂದು ನಿಮಿಷ ಮೌನ

ನಮ್ಮಲ್ಲಿ ಗುಡಿಸುವ ಅಕ್ಕ ಮಲ್ಲಿಗೆಗೆ ಹೆಸರಾದ ಶಂಕರಪುರದವರು. ಸರ್‌ಗೆ ಬೇಗ ಆದೇಶ ಬರಲಿ ಎಂದು ಪ್ರತಿ ಶುಕ್ರವಾರ ಆ ಕುರ್ಚಿಗೆ ಮಲ್ಲಿಗೆ ಮಾಲೆ ಹಾಕುತ್ತಿದ್ದರು. ಮೂಢನಂಬಿಕೆ ಬಿಡಿ ಎನ್ನುವ ಸರ್ ಬೇಡ ಎನ್ನಲಿಲ್ಲ.

ಅಂಥದ್ದೇ ಒಂದು ಶುಕ್ರವಾರ ಮೇಲ್‌ನಲ್ಲಿ ಆದೇಶ ಬಂತು. ಪ್ರಿಂಟ್ ತೆಗೆದುಕೊಂಡು ಓಡಿದೆ. ಗಾಜಿನ ಕೋಣೆಯ ಬಾಗಿಲಲ್ಲಿ ಕಾಪುವಿನ ಟೀಚರ್ ಒಬ್ಬರು ಚಿಕ್ಕ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಖಾಲಿ ಕುರ್ಚಿ, ಅದಕ್ಕೊಂದು ಮಾಲೆ. ಅವರಿಗೆ ಅಷ್ಟೇ ಸಾಕಾಗಿತ್ತು.

"ಮಕ್ಕಳೇ, ಇದು ತೀರಿಹೋದ ದೊಡ್ಡ ವಿಜ್ಞಾನಿಯ ಕುರ್ಚಿ. ಒಂದು ನಿಮಿಷ ಮೌನ."

ಎಲ್ಲರೂ ಕಣ್ಣು ಮುಚ್ಚಿದರು. ಒಳಗಿದ್ದ ಸರ್‌ಗೆ ಯಾರು ತೀರಿಹೋದದ್ದೆಂದು ಗೊತ್ತಾಗಲಿಲ್ಲ. ಯಾವುದಕ್ಕೂ ಇರಲಿ ಎಂದು ಅವರೂ ಸ್ಟೂಲಿನಿಂದ ಎದ್ದು ತಲೆ ತಗ್ಗಿಸಿದರು. ವರ್ಷವಿಡೀ ಕಾದ ಆದೇಶವನ್ನು ಎದೆಗೆ ಒತ್ತಿಕೊಂಡು ನಾನೂ ನಿಂತೆ. ಮೌನ ಮುರಿಯುವ ಧೈರ್ಯ ನನಗೆ ಯಾವತ್ತೂ ಇಲ್ಲ.

ನಿಮಿಷ ಮುಗಿಯಿತು. "ಸರ್, ಆದೇಶ ಬಂತು. ಇನ್ನು ನೀವೇ ನಿರ್ದೇಶಕರು!"

ಸರ್ ಓದಿದರು. ಮತ್ತೊಮ್ಮೆ ಓದಿದರು. ಮಾಲೆ ತೆಗೆಯುವುದನ್ನೂ ಮರೆತು, ಮೆಲ್ಲಗೆ, ಬಹಳ ಮೆಲ್ಲಗೆ ಆ ಕುರ್ಚಿಯಲ್ಲಿ ಕೂತರು.

ಆಗಷ್ಟೇ ಕಣ್ಣು ತೆರೆದ ಪುಟ್ಟ ಹುಡುಗಿಯೊಬ್ಬಳು ಕಿರುಚಿದಳು:

"ಟೀಚರ್! ನಾವು ಮೌನ ಮಾಡಿದ್ದಕ್ಕೆ ವಿಜ್ಞಾನಿ ಬದುಕಿ ಬಂದ್ರು!"