ಝಡ್ ಡ್ರೈವಿನ ಹಸಿರು ಸೀರೆ

ವಯಸ್ಸಾದಂತೆ ಮನುಷ್ಯರಿಗೆ ಗುಟ್ಟುಗಳು ಕಡಿಮೆಯಾಗುತ್ತವೆ ಎನ್ನುತ್ತಾರೆ. ಸುಳ್ಳು. ಗುಟ್ಟುಗಳು ಇದ್ದಷ್ಟೇ ಇರುತ್ತವೆ, ಇಟ್ಟ ಜಾಗ ಮರೆತುಹೋಗುತ್ತದೆ. ಮರೆಯಬಾರದೆಂದು ನಾನು ನನ್ನ ಗುಟ್ಟನ್ನು ಕಂಪ್ಯೂಟರಿನಲ್ಲಿಟ್ಟೆ. ಅದರ ಶಾಕ್ ಇನ್ನೂ ಇಳಿದಿಲ್ಲ.

ಗುಟ್ಟು ಸೀರೆಗಳದ್ದು. ನಮ್ಮ ಕಡೆ ಮದುವೆಯಲ್ಲಿ ಬಂಧುಗಳು ಸೀರೆಯ ಆಯೇರಿ, ಅಂದರೆ ಉಡುಗೊರೆ, ಮಾಡುತ್ತಾರೆ, ನಾವೂ ಮಾಡುತ್ತೇವೆ. ಬಂದದ್ದನ್ನೆಲ್ಲ ಉಡಲು ಎರಡು ಜನ್ಮ ಸಾಲದು. ಹಾಗಾಗಿ ಇಂಡಿಯ ಮದುವೆಯಲ್ಲಿ ಬಂದದ್ದು ಸಿಂದಗಿಗೆ, ಸಿಂದಗಿಯದು ಬಾಗೇವಾಡಿಗೆ ಸಾಗುತ್ತದೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಿಯಮ ಒಂದೇ: ಕೊಟ್ಟವರಿಗೇ ತಿರುಗಿ ಕೊಡಬಾರದು. ಅದಕ್ಕೆಂದೇ ಊರಿಗೊಂದು ಫೈಲ್ ಮಾಡಿ, ಯಾರ ಸೀರೆ, ಯಾವ ಬಣ್ಣ, ಯಾರಿಗೆ ದಾಟಿಸುವುದು ಎಂದು ಬರೆದಿಟ್ಟಿದ್ದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ಕೈ, ಕೊನೆಗೊಂದು ರಿಮಾರ್ಕ್ಸ್ ಖಾನೆಯಿಲ್ಲದೆ ನಿಲ್ಲಲಿಲ್ಲ. ಫೇರ್. ನೋ ಟೇಸ್ಟ್. ವೆರಿ ಪೂರ್.

ಸೊಸೆ ಶಾರದಾ ಮನೆಯ ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ನಡೆಸುತ್ತಾಳೆ. ಅಂಗಡಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದು ನನ್ನ ಕೋಣೆಗೆ ಬಂತು, ಜೊತೆಗೆ ಗೋಡೆ ತೂರಿದ ಒಂದು ವೈರು. ಅದೇಕೆಂದು ನಾನು ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ! ದಿನಾ ಬೆಳಗ್ಗೆ ಮಷೀನ್ ಚಾಲೂ ಮಾಡಿದೊಡನೆ ಸಿ, ಡಿ, ಎಲ್ಲಕ್ಕಿಂತ ಕೊನೆಗೆ ಝಡ್ ಎಂಬ ಡ್ರೈವುಗಳು ತಾವಾಗಿ ಹಾಜರಾಗುತ್ತಿದ್ದವು. ಝಡ್ ಕೆಳಗೆ ಸಣ್ಣ ಕೊಳವೆಯ ಚಿತ್ರ. ನಾನದನ್ನು ಸ್ಟ್ಯಾಂಡ್ ಎಂದುಕೊಂಡೆ. ಅಂಗಡಿ ಮುಚ್ಚುವ ಭಾನುವಾರ ಮಾತ್ರ ಅದರ ಮೇಲೆ ಕೆಂಪು ಇಂಟು ಗುರುತು. ಸಂಡೇ ಹಾಲಿಡೇ, ನಮ್ಮ ಕಾನ್ವೆಂಟಿನ ಶಿಸ್ತೇ ಇದಕ್ಕೂ ಇದೆ ಎಂದು ಮೆಚ್ಚಿದೆ. ಅಲ್ಲಿನ ಹಾಸ್ಟೆಲಿನಲ್ಲಿ ಗೋಡೆಗೆ ಹತ್ತಿದ ಕಟ್ಟಕಡೆಯ ಲಾಕರ್ ನನ್ನದು. ತಪಾಸಣೆಗೆ ಬಂದ ಸಿಸ್ಟರ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ದಣಿದಿರುತ್ತಿದ್ದರು. ನನ್ನ ಹುಣಸೇಹಣ್ಣು, ಗೆಳತಿಯರ ಪತ್ರ ಎಲ್ಲ ಸೇಫ್. ಆ ಲಾಕರಿನ ವಾಸನೆ ಈಗಲೂ ಮೂಗಿನಲ್ಲಿದೆ. ಕೊನೆಯ ಅಕ್ಷರದಷ್ಟು ಭದ್ರ ಜಾಗ ಇನ್ಯಾವುದೆಂದು ಎಲ್ಲ ಫೈಲುಗಳನ್ನೂ ಝಡ್‌ನಲ್ಲೇ ಇಟ್ಟೆ.

ಎರಡು ವರ್ಷದ ಮೇಲೆ ಮುದ್ದೇಬಿಹಾಳದಿಂದ ಶಾರದಾಳ ತಾಯಿ ಗೌರವ್ವ, ಅಂದರೆ ನಮ್ಮ ಬೀಗತಿ, ಕಿರಿಮಗನ ಲಗ್ನಪತ್ರಿಕೆ ಮಾಡಿಸಲು ಬಂದರು. ನಾನು ಚಹಾ ಹಿಡಿದು ಅಂಗಡಿಗೆ ಹೋದೆ. ಪತ್ರಿಕೆಗೆ ಹಾಕುವ ಹೆಸರುಗಳ ಪಟ್ಟಿ ಹುಡುಕುತ್ತಿದ್ದ ಶಾರದಾ, ‘ಮುದ್ದೇಬಿಹಾಳ’ ಎಂಬ ಫೈಲ್ ಕಂಡು ಅದನ್ನೇ ತೆರೆದಿದ್ದಳು. ಗೌರವ್ವ ಚಾಳೀಸು ಏರಿಸಿ ಓದುತ್ತಿದ್ದರು.

“‘ಹಸಿರು ಸೀರೆ. ಕೊಟ್ಟವರು ಗೌರವ್ವ. ಗೊಳಸಂಗಿಗೆ ದಾಟಿಸುವುದು. ಅಂಚು ವೆರಿ ಪೂರ್.’ ಶಾರದಾ, ವೆರಿ ಪೂರ್ ಅಂದ್ರ ಭಾಳ ಚಲೋ ಐತಿ ಅಂತೇನ?”

ಶಾರದಾ ಫೈಲ್ ಮುಚ್ಚಲು ಗಡಿಬಿಡಿಯಲ್ಲಿ ಮೌಸ್ ಹುಡುಕಿದಳು. ಇಂಗ್ಲಿಷ್ ಯಾರಿಗೂ ಬಾರದಿರಲಿ ಎಂದು ನಾನು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ.

“ಅದು ನನ್ನ ಕಂಪ್ಯೂಟರಿನ್ಯಾಗ ಇತ್ತಲ್ಲ! ಇಲ್ಲಿಗೆ ಹೆಂಗ ಬಂತು?”

“ಅತ್ತಿಯವರ, ಝಡ್ ಅಂದ್ರ ಈ ಅಂಗಡಿ ಕಂಪ್ಯೂಟರ ರೀ. ನಿಮ್ಮದು ಚಾಲೂ ಆದ ಕೂಡ್ಲೇ ತಾನಾಗೇ ಜೋಡಿಸ್ಕೊಳ್ಳಲಿ ಅಂತ ನಾನ ಟಿಕ್ ಹಾಕೇನ್ರಿ. ಇಂಗ್ಲಿಷ್ ಪತ್ರಿಕಾ ನಿಮಗ ತೋರಿಸಿ ತಿದ್ದಿಸ್ಬೇಕಂತ ಮಾಡಿದ್ದೆ, ಹೇಳೋದ ಮರ್ತೆ.”

ಮೈ ಗಾಡ್! ಎರಡು ವರ್ಷ, ಪ್ರತಿ ಬೆಳಗ್ಗೆ, ನನ್ನ ಬೆರಳಿನಿಂದಲೇ ನನ್ನ ಲಾಕರಿನ ಬಾಗಿಲು ಬಜಾರಿಗೆ ತೆರೆದಿದ್ದೆ. ಇನ್ನೊಂದು ತಿಂಗಳಿಗೆ ಲಗ್ನ. ಬೀಗತಿ ಮುನಿಸಿಕೊಂಡರೆ ನನ್ನ ರಿಮಾರ್ಕ್ಸ್ ಚಪಲಕ್ಕೆ ಸೊಸೆಯ ತವರಿನ ದಾರಿಯೇ ಮುಚ್ಚುತ್ತದೆ. ಶಾರದಾಳ ಮುಖ ಸುಣ್ಣದಂತಾಗಿತ್ತು.

ಗೌರವ್ವ ನಿಧಾನಕ್ಕೆ ಚಾಳೀಸು ತೆಗೆದರು. “ಬೀಗ್ತಿಯಾರ, ಆ ಸೀರಿ ನಾ ಆರಿಸಿದ್ದಲ್ರಿ. ಶಾರದಾನ ಲಗ್ನದಾಗ ನೀವ ನಮ್ಮ ನಾದಿನಿಗೆ ಆಯೇರಿ ಮಾಡಿದ್ರಿ. ಆಕಿ ನನಗ ದಾಟಿಸಿದ್ಲು. ನಾ ಮರ್ತು ನಿಮಗ ಕೊಟ್ಟೇನಿ.”

ಸಿಂದಗಿಯ ಸೀರೆ ಅಂಗಡಿ ಕಣ್ಣ ಮುಂದೆ ಬಂತು. ಅಂಚು ಆರಿಸಲು ಎರಡು ತಾಸು ಕೂತು, ಅಂಗಡಿಯವನಿಗೆ ಟೇಸ್ಟ್ ಬಗ್ಗೆ ಲೆಕ್ಚರ್ ಕೊಟ್ಟವಳು ನಾನೇ.

“ಗೊಳಸಂಗಿಗೆ ಇನ್ನೂ ಕಳಿಸಿಲ್ಲಲ್ಲ?” ಎಂದರು ಗೌರವ್ವ.

“ಟ್ರಂಕಿನ್ಯಾಗ ಐತ್ರಿ.”

“ಹಂಗಾರ ಅದನ್ನ ಉಟ್ಕೊಂಡ ಲಗ್ನಕ್ಕ ಬರ್ರಿ. ಬ್ಯಾರೆ ಸೀರಿ ಉಟ್ರ ನಾ ಒಳಗ ಕರ್ಕೊಳ್ಳಾಂಗಿಲ್ಲ!” ಎಂದವರೇ ಹೊಟ್ಟೆ ಹಿಡಿದು ನಗತೊಡಗಿದರು. ಶಾರದಾಳಿಗೆ ಆಮೇಲೆ ಉಸಿರು ಬಂತು.

ಉಟ್ಟೆ. ಮುದ್ದೇಬಿಹಾಳದಲ್ಲಿ ದಿನವಿಡೀ ಹಸಿರಾಗಿ ಮುಂದಿನ ಸಾಲಿನಲ್ಲಿ ಕೂತೆ. ಮರಳಿ ಬಂದು ಮಷೀನ್ ಹಚ್ಚಿದರೆ ಝಡ್ ಎಂದಿನಂತೆ ಕರೆಯದೆ ಬಂದು ನಿಂತಿತ್ತು. ‘ಗೊಳಸಂಗಿಗೆ ದಾಟಿಸುವುದು’ ಎಂಬುದನ್ನು ಅಳಿಸಿ ಶಾರದಾ ‘ಕೊಂಡವರಿಗೇ ಮರಳಿ ಮುಟ್ಟಿದೆ’ ಎಂದು ಬರೆದಿದ್ದಳು. ರಿಮಾರ್ಕ್ಸ್ ಖಾನೆಯ ‘ವೆರಿ ಪೂರ್’ ಅಳಿಸಿ, ಅದನ್ನು ಮಾತ್ರ ನನಗೆಂದು ಖಾಲಿ ಬಿಟ್ಟಿದ್ದಳು. ಬಹಳ ಹೊತ್ತು ಯೋಚಿಸಿ ‘ಗುಡ್’ ಎಂದು ಹಾಕಿದೆ. ಸ್ವಂತ ಪೇಪರ್ ತಿದ್ದುವಾಗ ಎಂಥ ಟೀಚರಿನ ಕೈಯೂ ಸಡಿಲವೇ.